ಜನರಿಂದ ಕಲಿತು ಜನರಿಗೆ ಕಲಿಸಿದ ಡಾ. ಅಖ್ತರ್ ಹಮೀದ್ ಖಾನ್

ಕಾಲೇಜು, ಪ್ರಯೋಗಾಲಯ, ಆಸ್ಪತ್ರೆ ಮತ್ತು ಸರ್ಕಾರಿ ಕಚೇರಿಗಳಲ್ಲಿ ಇರುವ ತಿಳಿವಳಿಕೆಯನ್ನು ರೈತನ ಹೊಲಕ್ಕೆ, ತಾಯಂದಿರ ಮನೆಬಾಗಿಲಿಗೆ, ಬಡವರ ಗಲ್ಲಿಗೆ ತಲುಪಿಸುವ ಕೆಲಸಕ್ಕೆ ವಿಸ್ತರಣಾ ಸೇವೆ ಎಂದು ಹೆಸರು. ಹೊಸ ತಳಿಯ ಬೀಜ, ಮಕ್ಕಳ ಲಸಿಕೆ, ಉಳಿತಾಯ ಸಂಘ, ವಯಸ್ಕರ ಶಿಕ್ಷಣ ಇವೆಲ್ಲವೂ ಜನರ ಬಳಿಗೆ ಬಂದದ್ದು ಈ ದಾರಿಯಿಂದಲೇ. ಆದರೆ ಜೀಪು ಬಂತು, ಭಾಷಣವಾಯಿತು, ಕರಪತ್ರ ಹಂಚಿದರು, ಫೋಟೋ ತೆಗೆದರು, ಜೀಪು ಹೊರಟುಹೋಯಿತು ಎಂಬಲ್ಲಿಗೆ ಈ ಸೇವೆ ಮುಗಿದುಹೋಗುವುದನ್ನೂ ನಾವೆಲ್ಲ ಕಂಡಿದ್ದೇವೆ. ತಿಳಿವಳಿಕೆ ಜನರನ್ನು ಏಕೆ ತಲುಪುವುದಿಲ್ಲ? ತಲುಪಿದರೂ ಅದು ಏಕೆ ನಿಲ್ಲುವುದಿಲ್ಲ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ತಮ್ಮ ಬದುಕಿನ ನಾಲ್ಕು ದಶಕಗಳನ್ನು ಕಳೆದವರು ಮರ್ಹೂಮ್ ಡಾ. ಅಖ್ತರ್ ಹಮೀದ್ ಖಾನ್. ಅವರ ಹೆಸರು ಗ್ರಾಮಾಭಿವೃದ್ಧಿಯನ್ನು ಅಭ್ಯಾಸ ಮಾಡುವವರಿಗೆಲ್ಲ ಗೊತ್ತು. ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಅಷ್ಟಾಗಿ ಗೊತ್ತಿಲ್ಲ. ಆದ್ದರಿಂದ ಅವರ ಜೀವನ ಮತ್ತು ಕಾರ್ಯವನ್ನು ಪರಿಚಯಿಸುವ ಒಂದು ಚಿಕ್ಕ ಪ್ರಯತ್ನ ಇಲ್ಲಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅಖ್ತರ್ ಹಮೀದ್ ಖಾನ್ ಅವರು 1914ರ ಜುಲೈ 15ರಂದು ಆಗ್ರಾದಲ್ಲಿ ಜನಿಸಿದರು. ತಂದೆ ಅಮೀರ್ ಅಹ್ಮದ್ ಖಾನ್ ಪೊಲೀಸ್ ಇಲಾಖೆಯಲ್ಲಿದ್ದರು. ತಾಯಿ ಮಹಮೂದಾ ಬೇಗಂ ಓದಿನ ಹವ್ಯಾಸವಿದ್ದ ಮಹಿಳೆ. ಮೌಲಾನಾ ಹಾಲಿ, ಅಲ್ಲಾಮಾ ಇಕ್ಬಾಲ್, ಮೌಲಾನಾ ಅಬುಲ್ ಕಲಾಂ ಆಜಾದ್ ಮತ್ತು ರೂಮಿ ಅವರ ಪರಿಚಯ ಬಾಲಕನಿಗೆ ಆದದ್ದು ತಾಯಿಯಿಂದಲೇ. ಹೀಗೆ ಮನೆಯೇ ಅವರಿಗೆ ಮೊದಲ ಮದರಸಾ ಆಯಿತು.

ಆಗ್ರಾ ಮತ್ತು ಮೀರತ್‌ನಲ್ಲಿ ಕಾಲೇಜು ವ್ಯಾಸಂಗ ಮಾಡಿದರು. 1932ರಲ್ಲಿ ಪದವಿ ಮುಗಿಯಿತು. ಅದೇ ವರ್ಷ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಆಗ ಆ ತಾಯಿಯ ವಯಸ್ಸು ಕೇವಲ 36. ದುಃಖದ ನಡುವೆಯೇ ಮಗ ಓದು ಮುಂದುವರಿಸಿ 1934ರಲ್ಲಿ ಎಂ.ಎ. ಮುಗಿಸಿದರು. ಮೀರತ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಹೇಳಿದರು. 1936ರಲ್ಲಿ ಐ.ಸಿ.ಎಸ್. ಸೇರಿ ತರಬೇತಿಗಾಗಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಆ ಕಾಲದಲ್ಲಿ ಐ.ಸಿ.ಎಸ್. ಎಂದರೆ ಭಾರತೀಯ ಯುವಕನೊಬ್ಬ ಏರಬಹುದಾದ ಅತ್ಯುನ್ನತ ಮೆಟ್ಟಿಲು. ಬಂಗಲೆ, ಕುದುರೆ, ಆಳುಕಾಳು, ಸಂಬಳ, ಜನರ ಸಲಾಮು ಎಲ್ಲವೂ ಅದರ ಜೊತೆಗೆ ಬರುತ್ತಿದ್ದವು. 1940ರಲ್ಲಿ ಖಾಕ್ಸಾರ್ ಚಳವಳಿಯ ಸ್ಥಾಪಕ ಅಲ್ಲಾಮಾ ಮಶ್ರಿಕಿ ಅವರ ಮಗಳು ಹಮೀದಾ ಬೇಗಂ ಅವರೊಡನೆ ನಿಕಾಹ್ ನೆರವೇರಿತು.

ಕ್ಷಾಮ ತೆರೆಸಿದ ಕಣ್ಣು

ಖಾನ್ ಸಾಹೇಬರು ಅಧಿಕಾರಿಯಾಗಿ ನೇಮಕಗೊಂಡದ್ದು ಬಂಗಾಳಕ್ಕೆ. 1943ರಲ್ಲಿ ಅಲ್ಲಿ ಭೀಕರ ಕ್ಷಾಮ ಬಂತು. ಲಕ್ಷ ಲಕ್ಷ ಜನ ಹಸಿವಿನಿಂದಲೂ ಅದರ ಹಿಂದೆಯೇ ಬಂದ ರೋಗಗಳಿಂದಲೂ ಸತ್ತರು. ಯುದ್ಧದ ದಿನಗಳವು. ಅಕ್ಕಿಯ ಬೆಲೆ ಬಡವನ ಕೈಗೆ ಎಟುಕದಷ್ಟು ಏರಿತ್ತು. ವಸಾಹತು ಸರ್ಕಾರ ಸಕಾಲಕ್ಕೆ ಎಚ್ಚೆತ್ತುಕೊಳ್ಳಲಿಲ್ಲ. ಜಿಲ್ಲಾಡಳಿತದ ಒಳಗೇ ಇದ್ದು ಇದನ್ನೆಲ್ಲ ನೋಡಿದ ಈ ಯುವ ಅಧಿಕಾರಿಗೆ ತಾನು ಕೂತಿರುವ ಕುರ್ಚಿಯಿಂದ ಜನರಿಗೆ ಏನೂ ಉಪಕಾರವಿಲ್ಲ ಎಂಬುದು ಮನದಟ್ಟಾಯಿತು. ಒಂದೆರಡು ವರ್ಷಗಳೊಳಗೆ ಅವರು ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟರು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು, ಕೈಯಲ್ಲಿ ಬೇರೆ ಕೆಲಸವಿರಲಿಲ್ಲ.

ಆಮೇಲೆ ಅವರು ಮಾಡಿದ್ದು ಇನ್ನೂ ವಿಚಿತ್ರ. ಅಲೀಗಢದ ಬಳಿಯ ಒಂದು ಹಳ್ಳಿಯಲ್ಲಿ ನೆಲೆಸಿ ಸುಮಾರು ಎರಡು ವರ್ಷ ಕೂಲಿಯಾಗಿ, ಬೀಗ ಮಾಡುವ ಕೆಲಸಗಾರನಾಗಿ ದುಡಿದರು. ಅಲೀಗಢದ ಬೀಗಗಳು ಇಡೀ ದೇಶಕ್ಕೆ ಪ್ರಸಿದ್ಧ. ಆ ಬೀಗಗಳನ್ನು ಮಾಡುವ ಕೈಗಳು ಎಷ್ಟು ಹೊತ್ತು ದುಡಿಯುತ್ತವೆ, ಎಷ್ಟು ಗಳಿಸುತ್ತವೆ, ಎಷ್ಟು ಸಾಲ ಮಾಡುತ್ತವೆ ಎಂಬುದನ್ನು ಅವರು ತಮ್ಮ ಕೈಗಳಿಂದಲೇ ಕಲಿತರು. ನಾವು ಶಿಕ್ಷಕರು ಪಾಠಕ್ಕೆ ಮುನ್ನ ಪೂರ್ವಸಿದ್ಧತೆ ಮಾಡಿಕೊಳ್ಳುತ್ತೇವಲ್ಲ, ಅವರ ಮುಂದಿನ ನಾಲ್ಕು ದಶಕಗಳ ಪಾಠಕ್ಕೆ ಆ ಎರಡು ವರ್ಷಗಳೇ ಪೂರ್ವಸಿದ್ಧತೆಯಾದವು.

1947ರಲ್ಲಿ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾಕ್ಕೆ ಶಿಕ್ಷಕರಾಗಿ ಬಂದರು. ಮುಂದೆ ನಮ್ಮ ದೇಶದ ರಾಷ್ಟ್ರಪತಿಗಳಾದ ಡಾ. ಜಾಕಿರ್ ಹುಸೇನ್ ಆಗ ಅದರ ಮುಖ್ಯಸ್ಥರಾಗಿದ್ದರು. ಜಾಮಿಯಾ ಆಗ ಬಡ ಸಂಸ್ಥೆ. ಅಧ್ಯಾಪಕರು ತೀರಾ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರು. ಕೈಕೆಲಸ ಮತ್ತು ಅಕ್ಷರ ಜೊತೆಜೊತೆಗೆ ಸಾಗಬೇಕೆಂಬ ತತ್ವ ಅಲ್ಲಿತ್ತು. 1950ರಲ್ಲಿ ಖಾನ್ ಸಾಹೇಬರು ಪಾಕಿಸ್ತಾನಕ್ಕೆ ಹೋದರು. ಅದೇ ವರ್ಷ ಪೂರ್ವ ಬಂಗಾಳದ, ಅಂದರೆ ಇಂದಿನ ಬಾಂಗ್ಲಾದೇಶದ, ಕೊಮಿಲ್ಲಾ ಪಟ್ಟಣದ ವಿಕ್ಟೋರಿಯಾ ಕಾಲೇಜಿಗೆ ಪ್ರಾಂಶುಪಾಲರಾದರು. 1958ರವರೆಗೆ ಅಲ್ಲಿದ್ದರು.

ಕೊಮಿಲ್ಲಾ: ಹಳ್ಳಿಯೇ ಆರಿಸಿದ ಗುರು

ಆ ಕಾಲದಲ್ಲಿ ವಿಸ್ತರಣಾ ಸೇವೆ ಹೇಗಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಭಾರತದಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ಹಿರಿಯರು ನೆನೆಸಿಕೊಳ್ಳುವ ಗ್ರಾಮಸೇವಕ ಹುದ್ದೆ ಬಂದದ್ದು ಅದರಿಂದ. ಪಾಕಿಸ್ತಾನದಲ್ಲೂ 1953ರಲ್ಲಿ ವಿ-ಏಡ್ ಎಂಬ ಇದೇ ಬಗೆಯ ಯೋಜನೆ ಬಂತು. ಎರಡರಲ್ಲೂ ಲೆಕ್ಕ ಒಂದೇ. ಓದಿದ ಯುವಕನೊಬ್ಬನಿಗೆ ತರಬೇತಿ ಕೊಟ್ಟು ಕೆಲವು ಹಳ್ಳಿಗಳನ್ನು ವಹಿಸಿಕೊಡುವುದು. ಬೀಜ, ಗೊಬ್ಬರ, ದನಕರು, ಆರೋಗ್ಯ, ಶಿಕ್ಷಣ ಎಲ್ಲವನ್ನೂ ಅವನೇ ನೋಡಿಕೊಳ್ಳಬೇಕು. ಖಾನ್ ಸಾಹೇಬರು 1954ರ ಸುಮಾರಿಗೆ ಕಾಲೇಜಿನಿಂದ ನಿಯೋಜನೆ ಮೇಲೆ ಹೋಗಿ ಪೂರ್ವ ಪಾಕಿಸ್ತಾನದ ವಿ-ಏಡ್ ಯೋಜನೆಯ ನಿರ್ದೇಶಕರಾಗಿ ಕೆಲಸ ಮಾಡಿದರು. ಅದರ ಕೊರತೆ ಅವರಿಗೆ ಒಳಗಿನಿಂದಲೇ ಕಂಡಿತು. ಆ ಯುವಕ ಹೊರಗಿನವನು. ಅವನಿಗೆ ಸ್ವಂತ ಹೊಲವಿಲ್ಲ. ಬಿತ್ತಿದ ಬೆಳೆ ಕೈಕೊಟ್ಟರೆ ನಷ್ಟ ಅವನದಲ್ಲ. ವರ್ಗಾವಣೆಯಾದರೆ ಅವನ ಜೊತೆ ಅವನ ತಿಳಿವಳಿಕೆಯೂ ಹೋಯಿತು. ತಲತಲಾಂತರದಿಂದ ಭತ್ತ ಬೆಳೆದ ರೈತ ಅವನ ಮಾತು ಏಕೆ ಕೇಳಬೇಕು?

1959ರಲ್ಲಿ ಕೊಮಿಲ್ಲಾದಲ್ಲಿ ಗ್ರಾಮಾಭಿವೃದ್ಧಿ ಅಕಾಡೆಮಿ ಪ್ರಾರಂಭವಾಯಿತು. ಅದಕ್ಕೆ ಮುನ್ನ ಖಾನ್ ಸಾಹೇಬರು ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ತರಬೇತಿ ಪಡೆದು ಬಂದಿದ್ದರು. ಅಕಾಡೆಮಿಯ ನಿರ್ದೇಶಕರಾಗಿ ಅವರು ಕೇಳಿದ ಮೊದಲ ಸೌಲಭ್ಯ ಒಂದು ಪ್ರಯೋಗ ಕ್ಷೇತ್ರ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಹೇಗೋ ಹಾಗೆ ಗ್ರಾಮಾಭಿವೃದ್ಧಿ ಕಲಿಸುವ ಸಂಸ್ಥೆಗೆ ಹಳ್ಳಿಗಳು ಬೇಕು ಎಂಬುದು ಅವರ ವಾದ. ಸರ್ಕಾರ ಕೊಮಿಲ್ಲಾ ಕೋತ್ವಾಲಿ ಠಾಣಾವನ್ನು ಅವರಿಗೆ ಒಪ್ಪಿಸಿತು. ಠಾಣಾ ಎಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ. ಎರಡು ಲಕ್ಷಕ್ಕೂ ಮಿಕ್ಕಿ ಜನ. ಹಿಡುವಳಿ ಸರಾಸರಿ ಎರಡು ಎಕರೆಗಿಂತ ಕಡಿಮೆ. ಮಳೆಗಾಲದಲ್ಲಿ ನೆರೆ, ಚಳಿಗಾಲದಲ್ಲಿ ನೀರಿಲ್ಲದೆ ಪಾಳು ಬೀಳುವ ಹೊಲ. ವರ್ಷವಿಡೀ ಬಡ್ಡಿ ಸಾಲ.

ಅಕಾಡೆಮಿಯ ಅಧ್ಯಾಪಕರು ಮೊದಲು ಹಳ್ಳಿಗಳಿಗೆ ಹೋಗಿ ಕೇಳಿ ತಿಳಿದುಕೊಂಡರು. ಆಮೇಲೆ ಖಾನ್ ಸಾಹೇಬರು ಹಳೆಯ ಪದ್ಧತಿಯನ್ನು ತಲೆಕೆಳಗು ಮಾಡಿದರು. ಹೊರಗಿನಿಂದ ಒಬ್ಬನನ್ನು ಹಳ್ಳಿಗೆ ಕಳಿಸುವ ಬದಲು, ಹಳ್ಳಿಯವರೇ ತಮ್ಮಲ್ಲೊಬ್ಬನನ್ನು ಆರಿಸಿ ಅಕಾಡೆಮಿಗೆ ಕಳಿಸಬೇಕು. ಅವನು ಸಾಗುವಳಿ ಮಾಡುವ ರೈತನೇ ಆಗಿರಬೇಕು. ಸಂಘದ ಲೆಕ್ಕಪತ್ರ ನೋಡಿಕೊಳ್ಳಲು ಇನ್ನೊಬ್ಬ ವ್ಯವಸ್ಥಾಪಕ. ಇವರು ವಾರಕ್ಕೊಮ್ಮೆ ನಿಗದಿಯಾದ ದಿನ ಠಾಣಾ ಕೇಂದ್ರಕ್ಕೆ ಬರುವರು. ಕೃಷಿ ಅಧಿಕಾರಿಯಿಂದ ಆ ವಾರಕ್ಕೆ ಬೇಕಾದಷ್ಟು ಪಾಠ ಕಲಿಯುವರು. ಹಳ್ಳಿಗೆ ಮರಳಿ ಸಂಘದ ವಾರದ ಸಭೆಯಲ್ಲಿ ಅದನ್ನು ಹೇಳಿ, ತಮ್ಮ ಹೊಲದಲ್ಲಿ ಮಾಡಿ ತೋರಿಸುವರು. ಸಭೆಯಲ್ಲಿ ರೈತರು ಎತ್ತಿದ ಪ್ರಶ್ನೆಗಳನ್ನು ಮುಂದಿನ ವಾರ ಕೇಂದ್ರಕ್ಕೆ ಹೊತ್ತು ತರುವರು. ಹೀಗೆ ಪಾಠ ಕೆಳಗಿಳಿಯಿತು, ಪ್ರಶ್ನೆ ಮೇಲೇರಿತು. ಬಿ.ಇಡಿ. ತರಗತಿಯಲ್ಲಿ ನಾವು ಹಿಮ್ಮಾಹಿತಿ ಎಂದು ಓದಿದ್ದು ಇದನ್ನೇ. ಉತ್ತರ ತಪ್ಪಾದರೆ ಅಧಿಕಾರಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು. ಹೀಗಾಗಿ ಸೇವೆ ಸುಧಾರಿಸಲು ಪ್ರತ್ಯೇಕ ಸಮಿತಿ ಬೇಕಾಗಲಿಲ್ಲ.

ಎರಡನೆಯ ಸುಧಾರಣೆ ಕಚೇರಿಗಳದ್ದು. ಕೃಷಿ, ಪಶುಪಾಲನೆ, ಮೀನುಗಾರಿಕೆ, ಆರೋಗ್ಯ, ಸಹಕಾರ ಹೀಗೆ ಒಂದೊಂದು ಇಲಾಖೆಯ ಅಧಿಕಾರಿ ಒಂದೊಂದು ಕಡೆ ಕೂತರೆ ರೈತ ಎಲ್ಲಿಗೆಂದು ಅಲೆಯಬೇಕು? ಎಲ್ಲರನ್ನೂ ಒಂದೇ ಆವರಣದಲ್ಲಿ ಕೂರಿಸಿ ಅದನ್ನು ಠಾಣಾ ತರಬೇತಿ ಮತ್ತು ಅಭಿವೃದ್ಧಿ ಕೇಂದ್ರ ಎಂದು ಕರೆದರು. ಅಧಿಕಾರಿ ಇಲ್ಲಿ ಶಿಕ್ಷಕನೂ ಆದ. ಅನುಮತಿ, ಪರವಾನಗಿ ಕೊಡುವ ಅವನ ಮೇಜಿನ ಪಕ್ಕದಲ್ಲೇ ಪಾಠದ ಕೊಠಡಿಯೂ ಬಂತು. ಜಪಾನಿನಿಂದ ಬಂದ ಭತ್ತದ ಪರಿಣತರು ಸಾಲು ನಾಟಿಯನ್ನು ಕೆಸರಿಗಿಳಿದು ಕಲಿಸಿದರು.

ಮೂರನೆಯದು ಸಹಕಾರ ಸಂಘ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರೈಫೈಸನ್ ಎಂಬವರು ಬಡ ರೈತರಿಗಾಗಿ ಕಟ್ಟಿದ ಪತ್ತಿನ ಸಂಘಗಳೇ ಇದಕ್ಕೆ ಮಾದರಿ. ಅದೇ ಬೀಜ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರ ಕೈಯಲ್ಲಿ ಮೊಳಕೆಯೊಡೆದಿತ್ತು ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಕೊಮಿಲ್ಲಾದ ಸಂಘಗಳಲ್ಲಿ ನಿಯಮ ಬಿಗಿಯಾಗಿತ್ತು. ವಾರಕ್ಕೊಮ್ಮೆ ಸಭೆ ಸೇರಲೇಬೇಕು. ಎಷ್ಟೇ ಬಡವನಾದರೂ ವಾರವಾರ ಸ್ವಲ್ಪ ಉಳಿತಾಯ ಕಟ್ಟಲೇಬೇಕು. ಲೆಕ್ಕ ಎಲ್ಲರ ಮುಂದೆ ಓದಬೇಕು. ಆಮೇಲೆಯೇ ಸಾಲದ ಮಾತು. ಹಳ್ಳಿಯ ಸಂಘಗಳೆಲ್ಲ ಸೇರಿ ಠಾಣಾ ಮಟ್ಟದಲ್ಲಿ ಒಂದು ಕೇಂದ್ರ ಸಂಘ. ಅದರ ಬಳಿ ಟ್ರ್ಯಾಕ್ಟರ್, ಪಂಪ್‌ಸೆಟ್, ಅವುಗಳ ರಿಪೇರಿಗೆ ವರ್ಕ್‌ಶಾಪ್. ಕೊಳವೆ ಬಾವಿ ಮತ್ತು ಪಂಪಿನ ನೀರಿನಿಂದ ಚಳಿಗಾಲದ ಹೊಲ ಹಸಿರಾಯಿತು. 1960ರಲ್ಲಿ ಕೆಲವೇ ಹಳ್ಳಿಗಳಲ್ಲಿ ಶುರುವಾದ ಸಂಘಗಳು ದಶಕದ ಕೊನೆಗೆ ಆ ಒಂದು ಠಾಣಾದಲ್ಲೇ ಸುಮಾರು 300ಕ್ಕೆ ಏರಿದವು.

ನಾಲ್ಕನೆಯದು ಗ್ರಾಮೀಣ ಕಾಮಗಾರಿ. ಹೂಳು ತುಂಬಿದ ಕಾಲುವೆ ತೋಡುವುದು, ಒಡ್ಡು ಹಾಕುವುದು, ರಸ್ತೆ ಮಾಡುವುದು. ಇದರ ಯೋಜನೆಯನ್ನು ಊರಿನ ಚುನಾಯಿತ ಮಂಡಳಿಯೇ ತಯಾರಿಸಬೇಕು, ಕೆಲಸವನ್ನೂ ಅದೇ ಮಾಡಿಸಬೇಕು. 1961-62ರಲ್ಲಿ ಅಮೆರಿಕದಿಂದ ಬಂದ ಗೋಧಿಯನ್ನು ಕೂಲಿಯಾಗಿ ಕೊಟ್ಟು ಕೊಮಿಲ್ಲಾದಲ್ಲಿ ಪ್ರಯೋಗ ನಡೆಯಿತು. ಮರುವರ್ಷವೇ ಅದು ಇಡೀ ಪ್ರಾಂತ್ಯಕ್ಕೆ ಹಬ್ಬಿತು.

ಮಸೀದಿಯ ಇಮಾಮರು ಮತ್ತು ಪರದೆಯೊಳಗಿನ ಮಹಿಳೆಯರು

ನಮ್ಮ ಓದುಗರಿಗೆ ವಿಶೇಷ ಆಸಕ್ತಿ ಹುಟ್ಟಿಸುವ ಎರಡು ಪ್ರಯೋಗಗಳನ್ನು ಹೇಳದೆ ಮುಂದೆ ಹೋಗಲಾಗದು. ಹಳ್ಳಿಗಳಲ್ಲಿ ಶಾಲೆ ಸಾಲದು, ಶಿಕ್ಷಕರು ಸಿಗರು. ಆದರೆ ಪ್ರತಿ ಹಳ್ಳಿಯಲ್ಲೂ ಮಸೀದಿಯಿತ್ತು, ಅಕ್ಷರ ಬಲ್ಲ ಇಮಾಮರಿದ್ದರು, ಮಕ್ಕಳು ಬೆಳಿಗ್ಗೆ ಅಲ್ಲಿಗೆ ಬರುತ್ತಲೇ ಇದ್ದರು. ಅಕಾಡೆಮಿ ಇಮಾಮರಿಗೆ ತರಬೇತಿ ಕೊಟ್ಟು ಬಂಗಾಳಿ ಓದು, ಬರಹ, ಲೆಕ್ಕ ಕಲಿಸುವ ಶಿಕ್ಷಕರನ್ನಾಗಿ ಮಾಡಿತು. ಹೊಸ ಕಟ್ಟಡ ಬೇಕಾಗಲಿಲ್ಲ, ಹೊಸ ಮೇಷ್ಟರನ್ನು ಹುಡುಕಬೇಕಾಗಲಿಲ್ಲ. ಜನರ ನಂಬಿಕೆ ಅಲ್ಲಿ ಮೊದಲೇ ಇತ್ತು.

ಮಹಿಳೆಯರದ್ದು ಇನ್ನೂ ಕಠಿಣ ಪ್ರಶ್ನೆ. ಆ ಕಾಲದ ಪೂರ್ವ ಬಂಗಾಳದಲ್ಲಿ ರೈತ ಕುಟುಂಬದ ಹೆಣ್ಣುಮಕ್ಕಳು ಮನೆಯಂಗಳ ದಾಟುವುದೇ ಅಪರೂಪ. 1960ರ ದಶಕದ ಆರಂಭದಲ್ಲಿ ಅಕಾಡೆಮಿ ಅವರಿಗಾಗಿ ಬೇರೆ ತರಗತಿ ತೆರೆಯಿತು. ಹಳ್ಳಿಗಳಿಂದ ಆಯ್ಕೆಯಾದ ಮಹಿಳೆಯರು ಅಕಾಡೆಮಿಗೆ ಬಂದು ಬಾಣಂತಿ ಮತ್ತು ಶಿಶು ಆರೈಕೆ, ಕೈತೋಟ, ನೂಲುವಿಕೆ, ಓದು ಬರಹ, ಕುಟುಂಬ ಯೋಜನೆ ಕಲಿತು ಹೋಗಿ ತಮ್ಮ ಓಣಿಯ ಇತರರಿಗೆ ಹೇಳತೊಡಗಿದರು. ಊರಿನಲ್ಲಿ ಗುಸುಗುಸು ಎದ್ದಿತು. ಖಾನ್ ಸಾಹೇಬರು ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಕಲಿತು ಬಂದ ಹೆಂಗಸಿನ ಕೋಳಿ ಉಳಿಯಿತು, ಮಗು ಉಳಿಯಿತು ಎಂಬುದನ್ನು ಊರು ಕಂಡ ಮೇಲೆ ಗುಸುಗುಸು ತಾನೇ ತಗ್ಗಿತು.

1963ರಲ್ಲಿ ಅವರಿಗೆ ರಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1964ರಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕೊಮಿಲ್ಲಾವನ್ನು ನೋಡಲು ನಾನಾ ದೇಶಗಳಿಂದ ಜನ ಬಂದರು.

ಸೋಲನ್ನು ಮುಚ್ಚಿಡಲಿಲ್ಲ

ಮಹಾಪುರುಷರ ಚರಿತ್ರೆ ಬರೆಯುವಾಗ ನಾವು ಗೆಲುವನ್ನಷ್ಟೇ ಬರೆಯುತ್ತೇವೆ. ಖಾನ್ ಸಾಹೇಬರ ಬಗ್ಗೆ ಹಾಗೆ ಬರೆದರೆ ಅವರಿಗೇ ಅನ್ಯಾಯ. 1971ರಲ್ಲಿ ಯುದ್ಧವಾಗಿ ಬಾಂಗ್ಲಾದೇಶ ಹುಟ್ಟಿತು. ಅವರು ತಾವು ಕಟ್ಟಿದ್ದನ್ನೆಲ್ಲ ಬಿಟ್ಟು ಪಾಕಿಸ್ತಾನಕ್ಕೆ ಹೊರಡಬೇಕಾಯಿತು. ಹೊಸ ಸರ್ಕಾರ ಕೊಮಿಲ್ಲಾ ಮಾದರಿಯನ್ನು ಇಡೀ ದೇಶಕ್ಕೆ ಹಬ್ಬಿಸಲು ಹೊರಟಿತು. ಆಗ ತೊಂದರೆಗಳು ಎದ್ದು ಕಂಡವು. ಸಂಘಗಳ ಸಂಖ್ಯೆ ಬೇಗ ಏರಿತು, ವಾರದ ಸಭೆ ಮತ್ತು ತರಬೇತಿ ಸಡಿಲವಾಯಿತು. ಹೆಚ್ಚು ಜಮೀನುಳ್ಳವರು ಸಂಘದ ಆಡಳಿತ ಹಿಡಿದು ಸಾಲದ ದೊಡ್ಡ ಪಾಲು ಪಡೆದರು, ಮರುಪಾವತಿ ಮಾಡಲಿಲ್ಲ. ಭೂಮಿಯೇ ಇಲ್ಲದ ಕೂಲಿಯವನಿಗೆ ರೈತರ ಸಂಘದಲ್ಲಿ ಜಾಗವೇ ಇರಲಿಲ್ಲ.

1970ರ ದಶಕದಲ್ಲಿ ಖಾನ್ ಸಾಹೇಬರು ತಮ್ಮ ಕೊಮಿಲ್ಲಾ ಕಾರ್ಯವನ್ನು ತಾವೇ ವಿಮರ್ಶಿಸಿ ಬರೆದರು. ತಮ್ಮ ಹೆಸರಿನ ಮಾದರಿಯನ್ನು ಸಮರ್ಥಿಸುತ್ತ ಕೂರಲಿಲ್ಲ. ಬಾಂಗ್ಲಾದೇಶದಲ್ಲಿ ಆಮೇಲೆ ಬಂದವರು ಈ ಅನುಭವದಿಂದ ಪಾಠ ಕಲಿತರು. 1972ರಲ್ಲಿ ಆರಂಭವಾದ ಬ್ರ್ಯಾಕ್ ಸಂಸ್ಥೆಯೂ, 1976ರಲ್ಲಿ ಪ್ರೊಫೆಸರ್ ಮುಹಮ್ಮದ್ ಯೂನುಸ್ ಶುರು ಮಾಡಿದ ಗ್ರಾಮೀಣ ಬ್ಯಾಂಕಿನ ಪ್ರಯೋಗವೂ ಭೂಹೀನರನ್ನು, ಅದರಲ್ಲೂ ಬಡ ಮಹಿಳೆಯರನ್ನು, ಬೇರೆಯಾಗಿ ಸಂಘಟಿಸುವ ದಾರಿ ಹಿಡಿದವು. ವಾರದ ಸಭೆ ಮತ್ತು ವಾರದ ಉಳಿತಾಯದ ಶಿಸ್ತು ಮಾತ್ರ ಅಲ್ಲೂ ಮುಂದುವರಿಯಿತು.

ಒರಂಗಿ: ಗಲ್ಲಿಯ ಗಟಾರದಿಂದ ಹೊಸ ಪಾಠ

1980ರಲ್ಲಿ ಖಾನ್ ಸಾಹೇಬರಿಗೆ 66 ವರ್ಷ ನಡೆಯುತ್ತಿತ್ತು. ನಿವೃತ್ತರಾಗಿ ಮನೆಯಲ್ಲಿ ಕೂರುವ ವಯಸ್ಸು. ಆಗ ಬ್ಯಾಂಕ್ ಉದ್ಯಮಿ ಆಗಾ ಹಸನ್ ಆಬಿದಿ ಅವರ ಕೋರಿಕೆಯ ಮೇರೆಗೆ ಅವರು ಕರಾಚಿಯ ಒರಂಗಿಗೆ ಬಂದರು. ಒರಂಗಿ ನಗರದ ವಾಯವ್ಯ ಅಂಚಿನಲ್ಲಿ, ಸರ್ಕಾರದ ನಕ್ಷೆಗೆ ಸೇರದೆ ತಾನೇ ಬೆಳೆದ ಬಡವರ ಬಡಾವಣೆ. 1971ರ ನಂತರ ಪೂರ್ವ ಪಾಕಿಸ್ತಾನದಿಂದ ಬಂದ ಬಿಹಾರಿ ಕುಟುಂಬಗಳು ಬಹಳ ಸಂಖ್ಯೆಯಲ್ಲಿ ನೆಲೆಸಿದ್ದವು. ಪಠಾಣರು, ಪಂಜಾಬಿಗಳು, ಸಿಂಧಿಗಳು, ಬಲೂಚರು, ಭಾರತದಿಂದ ಹೋದ ಮುಹಾಜಿರರು ಎಲ್ಲರೂ ಇದ್ದರು. ಲಕ್ಷಾಂತರ ಜನರ ಆ ಊರಿಗೆ ಒಳಚರಂಡಿ ಇರಲಿಲ್ಲ. ಮನೆಯ ಹೊಲಸು ನೀರು ಗಲ್ಲಿಯಲ್ಲೇ ನಿಲ್ಲುತ್ತಿತ್ತು. ಬಕೆಟ್ ಪಾಯಿಖಾನೆ, ಇಲ್ಲವೆ ತುಂಬಿ ಹರಿಯುವ ಇಂಗುಗುಂಡಿ. ಮಕ್ಕಳಿಗೆ ವಾಂತಿಭೇದಿ, ವಿಷಮಶೀತ ಜ್ವರ ತಪ್ಪುತ್ತಿರಲಿಲ್ಲ. ಗೋಡೆಗಳಿಗೆ ತೇವವೇರಿ ಕಷ್ಟಪಟ್ಟು ಕಟ್ಟಿದ ಮನೆಗಳೂ ಹಾಳಾಗುತ್ತಿದ್ದವು.

ಕೊಮಿಲ್ಲಾದ ಅನುಭವವಿದ್ದರೂ ಅವರು ಅದರ ನಕಲನ್ನು ಇಲ್ಲಿ ಇಳಿಸಲಿಲ್ಲ. ಮೊದಲ ಕೆಲವು ತಿಂಗಳು ಗಲ್ಲಿಗಲ್ಲಿ ತಿರುಗಿ ಜನರ ಮಾತು ಕೇಳಿದರು. ಒಳಚರಂಡಿ ಏಕಾಗಿಲ್ಲ ಎಂಬುದಕ್ಕೆ ನಾಲ್ಕು ಅಡ್ಡಿಗಳನ್ನು ಗುರುತಿಸಿದರು. ಸರ್ಕಾರವೇ ಪುಕ್ಕಟೆ ಮಾಡಿಕೊಡಬೇಕೆಂಬ ಮನೋಭಾವ ಮೊದಲನೆಯದು. ಕೈಗೆ ನಿಲುಕದ ಖರ್ಚು ಎರಡನೆಯದು. ತಾಂತ್ರಿಕ ಜ್ಞಾನ ಮತ್ತು ಸಲಕರಣೆ ಇಲ್ಲದಿರುವುದು ಮೂರನೆಯದು. ಕೂಡಿ ಕೆಲಸ ಮಾಡುವ ಸಂಘಟನೆ ಇಲ್ಲದಿರುವುದು ನಾಲ್ಕನೆಯದು.

ಇಡೀ ಬಡಾವಣೆಯನ್ನು ಸಂಘಟಿಸಲು ಹೊರಟರೆ ರಾಜಕೀಯ ನುಗ್ಗುತ್ತದೆ. ಆದ್ದರಿಂದ ಒಂದು ಗಲ್ಲಿಯನ್ನೇ ಘಟಕವಾಗಿ ತೆಗೆದುಕೊಂಡರು. ಗಲ್ಲಿಯಲ್ಲಿ 20ರಿಂದ 30 ಮನೆ. ಎಲ್ಲರಿಗೂ ಎಲ್ಲರ ಮುಖಪರಿಚಯ ಇದೆ. ಯೋಜನೆಯ ಕಾರ್ಯಕರ್ತರು ಗಲ್ಲಿಯವರನ್ನು ಸೇರಿಸಿ ವಿಷಯ ತಿಳಿಸುವರು. ಗಲ್ಲಿಯವರು ಒಪ್ಪಿದರೆ ತಮ್ಮಲ್ಲೇ ಒಬ್ಬ ಗಲ್ಲಿ ವ್ಯವಸ್ಥಾಪಕನನ್ನು ಆರಿಸಿ ಅರ್ಜಿ ಕೊಡುವರು. ಆಮೇಲೆ ಯೋಜನೆಯ ತಂತ್ರಜ್ಞರು ಬಂದು ಅಳತೆ ಮಾಡಿ, ನೀರಿನ ಇಳಿಜಾರು ಗುರುತಿಸಿ, ನಕ್ಷೆ ಮತ್ತು ಅಂದಾಜು ಪಟ್ಟಿ ತಯಾರಿಸಿ ಕೊಡುವರು. ಸಲಕರಣೆಗಳನ್ನು ಎರವಲು ಕೊಡುವರು. ಹಣ ಸಂಗ್ರಹ, ಸಾಮಾನು ಖರೀದಿ, ಕೂಲಿ, ಮೇಲ್ವಿಚಾರಣೆ ಎಲ್ಲವೂ ಗಲ್ಲಿಯವರದೇ. ಯೋಜನೆಯವರು ಜನರ ಹಣವನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಅನುಮಾನಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

1982ರಿಂದ ವಾಸ್ತುಶಿಲ್ಪಿ ಆರಿಫ್ ಹಸನ್ ಅವರ ಸಲಹೆ ದೊರೆಯಿತು. ಮ್ಯಾನ್‌ಹೋಲ್ ವಿನ್ಯಾಸ ಸರಳವಾಯಿತು. ಕಬ್ಬಿಣದ ಅಚ್ಚುಗಳನ್ನು ಮಾಡಿಸಿ ಸ್ಥಳದಲ್ಲೇ ಕಾಂಕ್ರೀಟ್ ಎರೆದರು. ಗುತ್ತಿಗೆದಾರನ ಲಾಭ ಮತ್ತು ಮೇಜಿನ ಕೆಳಗಿನ ಹಣ ತಪ್ಪಿದ್ದರಿಂದ ಖರ್ಚು ಸರ್ಕಾರಿ ದರದ ಸಣ್ಣ ಅಂಶಕ್ಕೆ ಇಳಿಯಿತು. ಪಾಯಿಖಾನೆಯೂ ಸೇರಿ ಒಂದು ಮನೆಗೆ ಸುಮಾರು ಸಾವಿರ ಪಾಕಿಸ್ತಾನಿ ರೂಪಾಯಿ ಸಾಕಾಯಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬಾರದು. ಮೊದಮೊದಲ ಗಲ್ಲಿಗಳಲ್ಲಿ ಕೆಲಸ ಕಳಪೆಯಾಯಿತು. ಸಿಮೆಂಟು ಮರಳಿನ ಪ್ರಮಾಣ ತಪ್ಪುತ್ತಿತ್ತು, ಕಾಂಕ್ರೀಟಿಗೆ ಸಾಕಷ್ಟು ದಿನ ನೀರುಣಿಸುತ್ತಿರಲಿಲ್ಲ. ಖಾನ್ ಸಾಹೇಬರು ಜನರನ್ನು ದೂರಲಿಲ್ಲ. ತಪ್ಪಿರುವುದು ತಮ್ಮ ಕಲಿಸುವ ಕ್ರಮದಲ್ಲಿ ಎಂದು ತೆಗೆದುಕೊಂಡರು. ಗಾರೆ ಕೆಲಸದವರಿಗೂ ಗಲ್ಲಿ ವ್ಯವಸ್ಥಾಪಕರಿಗೂ ಸರಿಯಾದ ವಿಧಾನ ತೋರಿಸುವ ಏರ್ಪಾಡಾಯಿತು. ಸೇವೆ ಸುಧಾರಿಸುವುದೆಂದರೆ ಇದೇ ಅಲ್ಲವೆ? ಮಗು ಲೆಕ್ಕ ತಪ್ಪಿದಾಗ ಮೇಷ್ಟರು ತನ್ನ ಪಾಠವನ್ನು ಮತ್ತೊಮ್ಮೆ ತಿರುವಿ ನೋಡಬೇಕು.

ಇಲ್ಲಿಂದ ಅವರು ಒಂದು ಸೂತ್ರ ರೂಪಿಸಿದರು. ಮನೆಯೊಳಗಿನ ಪಾಯಿಖಾನೆ, ಗಲ್ಲಿಯ ಕೊಳವೆ, ಗಲ್ಲಿಗಳನ್ನು ಕೂಡಿಸುವ ಸಣ್ಣ ಕಾಲುವೆ ಇವು ಜನರ ಪಾಲು. ಮುಖ್ಯ ಕಾಲುವೆ ಮತ್ತು ಶುದ್ಧೀಕರಣ ಘಟಕ ಸರ್ಕಾರದ ಪಾಲು. ಸರ್ಕಾರವನ್ನು ಹೊಣೆಯಿಂದ ಬಿಡಲಿಲ್ಲ, ಜನರನ್ನು ಭಿಕ್ಷುಕರನ್ನಾಗಿಯೂ ಮಾಡಲಿಲ್ಲ. ಕಾಲಾನಂತರದಲ್ಲಿ ಒರಂಗಿಯ 90 ಸಾವಿರಕ್ಕೂ ಹೆಚ್ಚು ಮನೆಗಳು ಜನರದೇ ಹಣದಿಂದ ಒಳಚರಂಡಿಗೆ ಸೇರಿದವು.

ಚರಂಡಿಯಿಂದ ಆರಂಭವಾದ ಕೆಲಸ ಬೆಳೆಯಿತು. 1984ರಲ್ಲಿ ಮಹಿಳೆಯರ ಆರೋಗ್ಯ ಕಾರ್ಯಕ್ರಮ ಬಂತು. ತಾಯಂದಿರು ಕೇಂದ್ರಕ್ಕೆ ಬರಲು ಹಿಂಜರಿಯುತ್ತಿದ್ದುದರಿಂದ ತಿಳಿವಳಿಕೆಯೇ ಅವರ ಮನೆಗೆ ಹೋಯಿತು. ಗಲ್ಲಿಯ ಉತ್ಸಾಹಿ ಮಹಿಳೆಯೊಬ್ಬರ ಮನೆಯಲ್ಲಿ ನೆರೆಹೊರೆಯವರು ಸೇರುವರು, ಸಂಚಾರಿ ತಂಡ ಅಲ್ಲಿಗೆ ಬಂದು ಲಸಿಕೆ, ಶುಚಿತ್ವ, ಕುಟುಂಬ ಯೋಜನೆಯ ಬಗ್ಗೆ ಹೇಳುವುದು. ಹೊಲಿಗೆ ಕೆಲಸದ ಮಹಿಳೆಯರಿಗೆ ಕೇಂದ್ರಗಳಾದವು. ಸಣ್ಣ ಉದ್ಯೋಗಗಳಿಗೆ ಸಾಲ ಕೊಡಲು 1987ರಲ್ಲಿ ಒಂದು ಟ್ರಸ್ಟ್ ಆಯಿತು. ಒರಂಗಿಯ ಓದಿದ ಯುವಕ ಯುವತಿಯರು ತಮ್ಮ ಮನೆಯ ಒಂದೆರಡು ಕೋಣೆಗಳಲ್ಲೇ ಶಾಲೆ ನಡೆಸುತ್ತಿದ್ದುದನ್ನು ಅವರು ಗಮನಿಸಿದ್ದರು. 1986ರಿಂದ ಅಂಥ ಶಾಲೆಗಳಿಗೆ ಶಿಕ್ಷಕರ ತರಬೇತಿ, ಗ್ರಂಥಾಲಯ, ಕೊಠಡಿ ವಿಸ್ತರಿಸಲು ನೆರವು ದೊರೆಯಿತು. ಇಲ್ಲೂ ಅದೇ ನೀತಿ. ಜನ ಈಗಾಗಲೇ ಮಾಡುತ್ತಿರುವುದನ್ನು ಹುಡುಕಿ ಅದಕ್ಕೆ ಕಸುವು ಕೊಡುವುದು.

ಕಷ್ಟದ ಕೊನೆಯ ವರ್ಷಗಳು

ಇಳಿವಯಸ್ಸಿನಲ್ಲಿ ಅವರಿಗೆ ನೆಮ್ಮದಿ ಇರಲಿಲ್ಲ. 1990ರ ಆಸುಪಾಸಿನಲ್ಲಿ ಅವರ ಬರಹ ಮತ್ತು ಮಾತುಗಳ ನೆಪ ತೆಗೆದು ಕೆಲವರು ಧರ್ಮನಿಂದೆಯ ಮೊಕದ್ದಮೆ ಹೂಡಿದರು. ಪ್ರಾಣಕ್ಕೂ ಬೆದರಿಕೆ ಇತ್ತು. ಎಪ್ಪತ್ತು ದಾಟಿದ ವೃದ್ಧರು ಕೋರ್ಟು ಅಲೆಯಬೇಕಾಯಿತು. ಆದರೂ ಒರಂಗಿಯ ಕೆಲಸ ಬಿಡಲಿಲ್ಲ. ಖಾದಿಯ ಸರಳ ಉಡುಪು, ನಿಯಮಿತ ದಿನಚರಿ, ಓದು, ನಡಿಗೆ ಇಷ್ಟೇ ಅವರ ಬದುಕಾಗಿತ್ತು.

ಅಮೆರಿಕದಲ್ಲಿದ್ದ ಕುಟುಂಬದವರನ್ನು ನೋಡಲು ಹೋಗಿದ್ದಾಗ 1999ರ ಅಕ್ಟೋಬರ್ 9ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ಅವರು ನಿಧನರಾದರು. ಪಾರ್ಥಿವ ಶರೀರವನ್ನು ಕರಾಚಿಗೆ ತಂದು ಒರಂಗಿ ಯೋಜನೆಯ ಕಚೇರಿಯ ಆವರಣದಲ್ಲೇ ದಫನ್ ಮಾಡಲಾಯಿತು. ಅವರ ಗರಡಿಯಲ್ಲಿ ಬೆಳೆದ ವಾಸ್ತುಶಿಲ್ಪಿ ಪರ್ವೀನ್ ರಹಮಾನ್ ಆ ಕೆಲಸವನ್ನು ಮುನ್ನಡೆಸಿದರು. ನೀರು ಮತ್ತು ಜಮೀನು ಕದಿಯುವವರ ವಿವರಗಳನ್ನು ದಾಖಲಿಸಿದ ಆ ಧೀರ ಮಹಿಳೆಯನ್ನು 2013ರ ಮಾರ್ಚ್ 13ರಂದು ಗುಂಡಿಕ್ಕಿ ಕೊಲ್ಲಲಾಯಿತು. ಬಡವರಿಗೆ ತಿಳಿವಳಿಕೆ ತಲುಪಿಸುವ ಕೆಲಸ ಎಷ್ಟು ಬೆಲೆ ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ಬೀಜ ನಮ್ಮ ಗಡಿಯವರೆಗೂ ಬಂತು

ಖಾನ್ ಸಾಹೇಬರನ್ನು ಗುರುವೆಂದು ಭಾವಿಸಿದ ಶೋಯಬ್ ಸುಲ್ತಾನ್ ಖಾನ್ ಎಂಬ ಅಧಿಕಾರಿ 1982ರಿಂದ ಗಿಲ್ಗಿಟ್ ಪರ್ವತ ಪ್ರದೇಶದಲ್ಲಿ ಗ್ರಾಮ ಸಂಘಗಳನ್ನು ಕಟ್ಟಿದರು. 1990ರ ದಶಕದ ಮಧ್ಯಭಾಗದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಅವರ ಮಾರ್ಗದರ್ಶನ ಆಂಧ್ರಪ್ರದೇಶಕ್ಕೆ ಬಂತು. ಕರ್ನೂಲು, ಅನಂತಪುರ, ಮೆಹಬೂಬ್‌ನಗರ ಜಿಲ್ಲೆಗಳ ಬಡ ಮಹಿಳೆಯರು ಸಂಘ ಕಟ್ಟಿ, ಸಂಘಗಳ ಒಕ್ಕೂಟ ಕಟ್ಟಿದರು. ಇವೆಲ್ಲ ನಮ್ಮ ರಾಯಚೂರು, ಬಳ್ಳಾರಿಗಳ ನೆರೆಯ ಊರುಗಳು. ಆ ಅನುಭವ ಬೆಳೆದು 2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನಕ್ಕೂ ದಾರಿಯಾಯಿತು. ಕರ್ನಾಟಕದಲ್ಲಿ ಅದಕ್ಕೆ ಸಂಜೀವಿನಿ ಎಂದು ಹೆಸರು. ಕೊಮಿಲ್ಲಾದ ಭತ್ತದ ಗದ್ದೆಯ ವಾರದ ಸಭೆಗೂ, ನಮ್ಮ ಹಳ್ಳಿಯ ಅಕ್ಕತಂಗಿಯರು ಚಾಪೆ ಹಾಸಿ ಕೂತು ಉಳಿತಾಯ ಎಣಿಸುವ ಸಭೆಗೂ ಹೀಗೊಂದು ನಂಟಿದೆ.

ನಮಗೇನು ಪಾಠ?

ನಮ್ಮಂಥ ವಿದ್ಯಾಸಂಸ್ಥೆಗಳು ವಿದ್ಯಾರ್ಥಿವೇತನ ಕೊಡುತ್ತವೆ, ನೋಟ್‌ಬುಕ್ ಹಂಚುತ್ತವೆ, ಆರೋಗ್ಯ ಶಿಬಿರ ನಡೆಸುತ್ತವೆ. ಇವು ಒಳ್ಳೆಯ ಕೆಲಸಗಳೇ. ಆದರೆ ಖಾನ್ ಸಾಹೇಬರ ಬದುಕನ್ನು ಓದಿದ ಮೇಲೆ ಕೆಲವು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗುತ್ತದೆ.

ಹಂಚುವ ಮುನ್ನ ಮೊಹಲ್ಲಾದವರನ್ನು ಕೇಳಿದ್ದೇವೆಯೆ? ಹತ್ತನೆಯ ತರಗತಿಗೆ ಮುನ್ನವೇ ಹುಡುಗ ಗ್ಯಾರೇಜ್ ಸೇರುವುದಕ್ಕೆ ನೋಟ್‌ಬುಕ್ ಇಲ್ಲದ್ದೇ ಕಾರಣವೆ, ಮನೆಯ ಸಾಲ ಕಾರಣವೆ, ಲೆಕ್ಕದ ಪಾಠ ಅರ್ಥವಾಗದ್ದು ಕಾರಣವೆ? ಶಿಬಿರ ಮುಗಿದ ಮರುವಾರ ಅದೇ ಗಲ್ಲಿಗೆ ಯಾರಾದರೂ ಹೋಗುತ್ತಾರೆಯೆ? ನಮ್ಮ ಪರವಾಗಿ ಗಲ್ಲಿಗೆ ಹೋಗುವವರನ್ನು ಗಲ್ಲಿಯವರು ಆರಿಸಿದರೆ, ನಾವೇ ಆರಿಸಿದೆವೆ? ತರಬೇತಿಯಲ್ಲಿ ನಾವು ಹೇಳಿದ್ದು ತಪ್ಪಾದರೆ ಅದು ನಮಗೆ ಮರಳಿ ತಿಳಿಯುವ ದಾರಿ ಇದೆಯೆ? ಸಂಘದ ಲೆಕ್ಕ ಎಲ್ಲರ ಮುಂದೆ ಓದುತ್ತೇವೆಯೆ?

ಪ್ರಿಯ ವಿದ್ಯಾರ್ಥಿಗಳೇ, ಇದಕ್ಕೆ ದೊಡ್ಡ ಹಣ ಬೇಕಿಲ್ಲ. ನಿಮ್ಮದೇ ಗಲ್ಲಿಯ 20 ಮನೆಗಳನ್ನು ಆರಿಸಿಕೊಳ್ಳಿ. ಒಂದು ನೋಟ್‌ಬುಕ್ ಹಿಡಿದು ಎರಡು ತಿಂಗಳು ಬರೀ ಕೇಳಿ, ಬರೆದುಕೊಳ್ಳಿ. ಯಾವ ಮನೆಯಲ್ಲಿ ಓದು ಬಿಟ್ಟ ಮಗುವಿದೆ, ಯಾವ ಮನೆಯಲ್ಲಿ ಅರ್ಜಿ ಬರೆಯಲು ಬಾರದೆ ಪಿಂಚಣಿ ನಿಂತಿದೆ, ಯಾವ ಮನೆಯಲ್ಲಿ ಹೊಲಿಗೆ ಬಲ್ಲ ಅಕ್ಕನಿಗೆ ಮಾರುಕಟ್ಟೆ ಗೊತ್ತಿಲ್ಲ ಎಂಬುದು ನಿಮಗೇ ಕಾಣುತ್ತದೆ. ಆಮೇಲೆ ಗಲ್ಲಿಯವರೇ ಒಬ್ಬರನ್ನು ಆರಿಸಲಿ. ವಾರಕ್ಕೊಂದು ದಿನ ಗೊತ್ತು ಮಾಡಿ. ಆ ದಿನ ತಪ್ಪದೆ ಸೇರಿ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಶಾಲೆಗೆ, ಸಂಘಕ್ಕೆ, ಕಚೇರಿಗೆ ಹೊತ್ತು ತನ್ನಿ. ಉತ್ತರವನ್ನು ಮುಂದಿನ ವಾರ ಗಲ್ಲಿಗೆ ಒಯ್ಯಿರಿ.

ಐ.ಸಿ.ಎಸ್. ಹುದ್ದೆ ಬಿಟ್ಟು ಬೀಗದ ಕೆಲಸಕ್ಕೆ ಕೂತ ಆ ಮನುಷ್ಯ ಕಲಿಸುವುದಕ್ಕೆ ಮುನ್ನ ಕಲಿತರು. ನಮ್ಮ ಸಂಘದ ಸದಸ್ಯರೂ ವಿದ್ಯಾರ್ಥಿಗಳೂ ಆ ದಾರಿಯಲ್ಲಿ ಈ ವರ್ಷ ಒಂದು ಗಲ್ಲಿಯಷ್ಟಾದರೂ ನಡೆದರೆ, ಮುಂದಿನ ಸಂಚಿಕೆಯಲ್ಲಿ ಬರೆಯಲು ನಮ್ಮದೇ ಊರಿನ ಕಥೆ ಇರುತ್ತದೆ. ಅಲ್ಲಾಹನು ಮರ್ಹೂಮರಿಗೆ ಮಗ್ಫಿರತ್ ನೀಡಲಿ, ನಮಗೆ ಅಂಥ ಖಿದ್ಮತ್ತಿನ ತೌಫೀಕ್ ಕೊಡಲಿ.